ಅಜ್ಜ ಸುಳ್ಳು ಹೇಳುತ್ತಿರಲಿಲ್ಲ

"ಸಣ್ಣಜ್ಜಾ, ನಮ್ಮಜ್ಜ ಬರೇ ಸುಳ್ಳ ಹೇಳಾಕತ್ತಾನ. ನಿನ್ನೆ ಉಣಕಲ್ ಕೆರಿಗೆ ಹೋಗಿ ಬೋಟಿನಾಗ ಕುಂತ ಬಂದೆ ಅಂತಾನ. ಅಂವ ಮನಿ ಬಿಟ್ಟು ಹೊರಗ ಹೋಗೇ ಇಲ್ಲ!"

ಹುಬ್ಬಳ್ಳಿಯಿಂದ ಫೋನಿನಲ್ಲಿ ಹೀಗೆ ದೂರು ಹೇಳಿದವಳು ನನ್ನ ಅಣ್ಣನ ಮೊಮ್ಮಗಳು. ಆರನೇ ಇಯತ್ತೆ ಓದುವ ಹುಡುಗಿ. ಸುಳ್ಳು ಹೇಳಬಾರದು ಎಂದು ಅವಳಿಗೆ ಕಲಿಸಿದವನೇ ಆ ಅಜ್ಜ. ಹಾಗಾಗಿ ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ದುಃಖವಾಗಿತ್ತು. ನಾನು ಧಾರವಾಡದಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದ ಮಾಸ್ತರ. ಆದರೂ ಅವಳಿಗೆ ಕೊಡಲು ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಣ್ಣ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದವನು. ಸಂಬಳದ ದಿನ ಗೆಳೆಯರ ಜೊತೆ ಒಂದಿಷ್ಟು ಕುಡಿಯುವ ರೂಢಿ ಮೊದಲಿನಿಂದಲೂ ಇತ್ತು. ಆಗ ಪಾಕೀಟ ಸರಾಯಿಯ ಕಾಲ. 2007ರ ಜುಲೈಯಲ್ಲಿ ಸರ್ಕಾರ ಸರಾಯಿ ನಿಷೇಧಿಸಿದಾಗ ನಮ್ಮ ಅತ್ತಿಗೆ ಮನೆಯಲ್ಲಿ ಹೋಳಿಗೆ ಮಾಡಿದ್ದು ನೆನಪಿದೆ. ಪಾಕೀಟು ಹೋಯಿತು, ಬಾಟಲಿ ಬಂತು. ಅತ್ತಿಗೆ ತೀರಿಕೊಂಡ ಮೇಲೆ ದಿನಕ್ಕೆ ಒಂದು ಕ್ವಾರ್ಟರ್ ಇದ್ದದ್ದು ಎರಡಾಯಿತು. ಊಟ ಮಾತ್ರ ಕಡಿಮೆಯಾಗುತ್ತ ಹೋಯಿತು. ಸೊಸೆ ರೊಟ್ಟಿ, ಪಲ್ಯ ಮುಂದಿಟ್ಟರೆ "ಹಸಿವಿಲ್ಲವಾ" ಎಂದು ಒಂದು ಮುಷ್ಟಿ ಚೂಡಾ ತಿಂದು ಮಲಗಿಬಿಡುತ್ತಿದ್ದ.

ವಯಸ್ಸಾದವರ ಮೈಯಲ್ಲಿ ನೀರಿನ ಅಂಶ ಕಡಿಮೆ. ಅದಕ್ಕೇ ನಲವತ್ತರಲ್ಲಿ ಕುಡಿದಷ್ಟನ್ನೇ ಎಪ್ಪತ್ತರಲ್ಲಿ ಕುಡಿದರೆ ರಕ್ತದಲ್ಲಿ ಮದ್ಯದ ಪ್ರಮಾಣ ಹೆಚ್ಚಾಗುತ್ತದೆ. ಅದರ ಮೇಲೆ ನಿದ್ದೆ ಗುಳಿಗೆ, ಸಕ್ಕರೆ ಕಾಯಿಲೆಯ ಗುಳಿಗೆ ಇದ್ದರೆ ಅಪಾಯ ಇನ್ನೂ ಹೆಚ್ಚು. "ನಾ ಮೊದಲಿನಷ್ಟ ಕುಡೀತೇನಿ" ಎಂದು ಅಣ್ಣ ವಾದಿಸುತ್ತಿದ್ದುದರಲ್ಲಿ ಸುಳ್ಳಿರಲಿಲ್ಲ. ಮೈ ಮಾತ್ರ ಮೊದಲಿನದಾಗಿರಲಿಲ್ಲ.

ಮೊಮ್ಮಗಳ ಫೋನಿಗೆ ಸ್ವಲ್ಪ ದಿನ ಮೊದಲು ಇನ್ನೊಂದು ಫೋನು ಬಂದಿತ್ತು. ಅಣ್ಣನ ಮಗ ಮಾಡಿದ್ದು. "ಕಾಕಾ, ಅಪ್ಪಾ ಜೋಲಿ ಹೊಡೀತಾನ. ಒಂದು ಬಾಗಲಾ ಎರಡಾಗಿ ಕಾಣ್ತಾವ ಅಂತಾನ. ಮಾತು ಎಲ್ಲಿಂದೆಲ್ಲಿಗೋ ಹೋಗ್ತದ." ನಾನು ಏನು ಹೇಳಿದೆ ಗೊತ್ತೇ? "ಹೆಚ್ಚಾಗಿರಬೇಕು, ಮಲಕೊಳ್ಳಲಿ ಬಿಡು." ನಾಲ್ಕು ದಿನ ಹಾಗೇ ಮಲಗಲು ಬಿಟ್ಟೆವು. ಐದನೆಯ ದಿನ ಮಗ ಕಪಾಟು ತೆಗೆದು ನೋಡಿದರೆ ಬಾಟಲಿಯ ಬೂಚು ಬಿಚ್ಚಿರಲಿಲ್ಲ. ಕುಡಿಯದೆಯೂ ಮನುಷ್ಯ ಜೋಲಿ ಹೊಡೆಯುತ್ತಿದ್ದ! ಆಗ ನಾವು ಆಸ್ಪತ್ರೆಗೆ ಓಡಿದೆವು.

"ಮೊದಲು ಒಂದು ಸಲೈನ್ ಹಚ್ಚರಿ ಸಾಹೇಬ್ರ" ಎಂದ ನಮ್ಮ ಹುಡುಗ. ವೈದ್ಯರು ಅವಸರ ಮಾಡಲಿಲ್ಲ. ಅಣ್ಣನ ಕಣ್ಣ ಮುಂದೆ ಬೆರಳು ಆಡಿಸಿ ನೋಡಿದರು, ನಡೆಸಿ ನೋಡಿದರು. ಊಟದ ಬಗ್ಗೆ ಕೇಳಿದರು. ಆಮೇಲೆ ಮೊದಲು ಥಯಮಿನ್ ಚುಚ್ಚುಮದ್ದು, ನಂತರವೇ ಗ್ಲೂಕೋಸ್ ಎಂದರು. ಥಯಮಿನ್! ಹೆಸರು ಕೇಳಿ ನಾನು ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟೆ. ಅದು ಬಿ1 ಜೀವಸತ್ವ. 'ಬಿ1 ಕೊರತೆಯಿಂದ ಬೆರಿಬೆರಿ' ಎಂದು ಮೂವತ್ತು ವರ್ಷ ಫಳಿಯ ಮೇಲೆ ಬರೆದವನು ನಾನು.

ಮಕ್ಕಳೇ, ಬೆರಿಬೆರಿಯ ಕಥೆ ನಿಮಗೂ ಗೊತ್ತಿರಲಿ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಐಕ್ಮನ್ ಎಂಬ ಡಚ್ ವೈದ್ಯರಿದ್ದರು. ಅವರ ಪ್ರಯೋಗಶಾಲೆಯ ಕೋಳಿಗಳು ಇದ್ದಕ್ಕಿದ್ದಂತೆ ಕಾಲು ಸೋತು ಬೀಳತೊಡಗಿದವು. ಕೆಲವು ತಿಂಗಳ ಮೇಲೆ ತಾವೇ ಗುಣವಾದವು. ವಿಚಾರಿಸಿದರೆ ಕಾರಣ ಅಡುಗೆಮನೆಯಲ್ಲಿತ್ತು. ಆಸ್ಪತ್ರೆಯಲ್ಲಿ ಮಾಡಿದ ಪಾಲಿಶ್ ಅಕ್ಕಿಯ ಅನ್ನ ತಿಂದಾಗ ಕೋಳಿಗಳು ಬಿದ್ದಿದ್ದವು. ಹೊಸದಾಗಿ ಬಂದ ಅಡುಗೆಯವನು 'ಸೈನ್ಯದ ಅಕ್ಕಿ ಕೋಳಿಗೆ ಕೊಡುವುದಿಲ್ಲ' ಎಂದು ಹಟ ಹಿಡಿದ ಮೇಲೆ ಅವು ಎದ್ದಿದ್ದವು! ಅಕ್ಕಿಯ ಹೊರಪದರಿನಲ್ಲಿದ್ದ ಆ ವಸ್ತುವೇ ಮುಂದೆ ಬಿ1 ಅನಿಸಿಕೊಂಡಿತು. ಐಕ್ಮನ್ ಅವರಿಗೆ 1929ರಲ್ಲಿ ನೊಬೆಲ್ ಬಂತು. 1936ರಲ್ಲಿ ಥಯಮಿನ್ನನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ ರಾಬರ್ಟ್ ವಿಲಿಯಮ್ಸ್ ಹುಟ್ಟಿದ್ದು ನಮ್ಮ ಪಕ್ಕದ ಆಂಧ್ರದ ನೆಲ್ಲೂರಿನಲ್ಲಿ.

ಮೆದುಳಿನ ತೂಕ ಸುಮಾರು 1,400 ಗ್ರಾಂ, ಅಂದರೆ ಮೈತೂಕದ ನೂರರಲ್ಲಿ ಎರಡು ಪಾಲು. ಆದರೆ ಮೈಯ ಶಕ್ತಿಯಲ್ಲಿ ಐದನೇ ಒಂದು ಪಾಲು ಅದಕ್ಕೇ ಬೇಕು. ಅದು ಉರಿಸುವುದು ಸಕ್ಕರೆಯನ್ನು. ಆ ಒಲೆ ಉರಿಯಲು ಥಯಮಿನ್ ಇರಲೇಬೇಕು. ಮೈಯಲ್ಲಿ ಅದರ ದಾಸ್ತಾನು ಎರಡು-ಮೂರು ವಾರಕ್ಕೆ ಸಾಕಾಗುವಷ್ಟು ಮಾತ್ರ. ಜೋಳ, ಹೆಸರುಕಾಳು, ಶೇಂಗಾ ತಿನ್ನುವವರಿಗೆ ಚಿಂತೆಯಿಲ್ಲ. ವಿಪರೀತ ಕುಡಿಯುವವರಿಗೆ ಊಟವೂ ಕಡಿಮೆ. ತಿಂದದ್ದರಲ್ಲಿರುವ ಥಯಮಿನ್ನನ್ನು ಹೀರಿಕೊಳ್ಳಲು ಮದ್ಯ ಕರುಳಿಗೂ ಬಿಡುವುದಿಲ್ಲ. ಖಾಲಿಯಾದ ಹೊತ್ತಿನಲ್ಲಿ ಬರೀ ಗ್ಲೂಕೋಸ್ ಏರಿಸಿದರೆ ಉಳಿದ ಚೂರುಪಾರು ಥಯಮಿನ್ ಕೂಡ ಮುಗಿದುಹೋಗುತ್ತದೆ. ಸಲೈನಿಗೆ ವೈದ್ಯರು ಯಾಕೆ ತಡೆದರೆಂದು ಆಗ ತಿಳಿಯಿತು.

ಕಣ್ಣು, ನಡಿಗೆ, ಗೊಂದಲ: ಈ ಮೂರನ್ನೂ ಸೇರಿಸಿ 1881ರಲ್ಲಿ ವಿವರಿಸಿದವರು ಜರ್ಮನಿಯ ವೈದ್ಯ ವೆರ್ನಿಕೆ. ಮೂರೂ ಒಟ್ಟಿಗೆ ಎಲ್ಲರಲ್ಲೂ ಕಾಣುವುದಿಲ್ಲ, ಒಂದೇ ಕಂಡರೂ ಕಾಯಬಾರದು. ಇದು ಗಂಟೆಗಳ ಲೆಕ್ಕದ ಕಾಯಿಲೆ. ನಾವು ನಾಲ್ಕು ದಿನ ಕಳೆದಿದ್ದೆವು.

ಚುಚ್ಚುಮದ್ದಿನಿಂದ ಕಣ್ಣು ಸರಿಹೋಯಿತು. ನಡಿಗೆಯೂ ಬಹುಮಟ್ಟಿಗೆ ಸುಧಾರಿಸಿತು. ಹೋದದ್ದು ನೆನಪು. ಅದೂ ಹಳೆಯದಲ್ಲ! 1982ರ ಗೋಕಾಕ ಚಳವಳಿಯ ಮೆರವಣಿಗೆಯಲ್ಲಿ ತನ್ನ ಪಕ್ಕದಲ್ಲಿ ಯಾರು ನಡೆದರೆಂದು ಈಗಲೂ ಹೇಳುತ್ತಾನೆ. ಬೆಳಿಗ್ಗೆ ಏನು ತಿಂದೆ ಎಂದರೆ ಗೊತ್ತಿಲ್ಲ. ಮೆದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ದೊಡ್ಡ ಎರಡು ಗುಂಡುಗಳಿವೆ. ಹೊಸ ನೆನಪು ಕೂಡಿಡುವ ದಾರಿ ಅವುಗಳ ಮೂಲಕ ಹಾಯುತ್ತದೆ. ಈ ಕಾಯಿಲೆಯ ಪೆಟ್ಟು ಬೀಳುವ ಮುಖ್ಯ ಜಾಗಗಳಲ್ಲಿ ಅವೂ ಸೇರಿವೆ.

ಮಾಸ್ಕೋದ ವೈದ್ಯ ಕೊರ್ಸಾಕಾಫ್ 1887ರಲ್ಲಿ ಇಂಥ ರೋಗಿಗಳ ಬಗ್ಗೆ ಬರೆದರು. ಅವರು ಚೆನ್ನಾಗಿ ಮಾತಾಡುತ್ತಾರೆ, ಚೆಸ್ ಆಡುತ್ತಾರೆ. ಆದರೆ ಸ್ವಲ್ಪ ಹೊತ್ತಿನ ಹಿಂದೆ ನಡೆದದ್ದು ಗೊತ್ತಿರುವುದಿಲ್ಲ. 'ನಿನ್ನೆ ಏನು ಮಾಡಿದಿರಿ' ಎಂದು ಕೇಳಿದರೆ ಆ ಖಾಲಿ ಜಾಗವನ್ನು ಮೆದುಳು ತಾನೇ ಯಾವುದಾದರೂ ಹಳೆಯ ನೆನಪಿನಿಂದ ತುಂಬಿಬಿಡುತ್ತದೆ. ಹೇಳುವವನಿಗೆ ಅದು ನಿಜವಾಗಿಯೇ ನಡೆದಂತೆ ಅನಿಸುತ್ತದೆ. ಮೋಸ ಮಾಡುವ ಉದ್ದೇಶ ಅಲ್ಲಿಲ್ಲ. ಅಣ್ಣ ಉಣಕಲ್ ಕೆರೆಗೆ ಹೋಗಿದ್ದು ನಿಜ, ಬೋಟಿನಲ್ಲಿ ಕುಳಿತಿದ್ದೂ ನಿಜ. ಈ ಮೊಮ್ಮಗಳನ್ನೇ ತೊಡೆಯ ಮೇಲೆ ಕೂರಿಸಿಕೊಂಡು, ಅವಳಿಗೆ ನಾಲ್ಕು ವರ್ಷವಿದ್ದಾಗ.

ಇದನ್ನು ಹೇಳಿದಾಗ ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಂಗಾರ ಅಜ್ಜನ ಮೆದುಳ ಹೆಂಗ ಕಾಣ್ತದ?" ಎಂದಳು. ಕಪಾಟಿನಿಂದ ಎರಡು ಅಕ್ರೋಟ ತಂದೆ. ಒಂದರೊಳಗೆ ಕಾಳು ತುಂಬಿತ್ತು. ಇನ್ನೊಂದು ಹಳೆಯದು, ಕಾಳು ಒಣಗಿ ಅಲ್ಲಾಡಿಸಿದರೆ ಗಡಗಡ ಸದ್ದು. ವರ್ಷಗಟ್ಟಲೆ ವಿಪರೀತ ಕುಡಿದವರ ಮೆದುಳು ಹೀಗೆ ಕುಗ್ಗುತ್ತದೆ, ಮಡಿಕೆಗಳ ನಡುವಿನ ಸಂದು ಅಗಲವಾಗುತ್ತದೆ. ಕುಗ್ಗಿದಾಗ ಮೆದುಳಿಗೂ ತಲೆಬುರುಡೆಗೂ ನಡುವಿನ ಸಣ್ಣ ರಕ್ತನಾಳಗಳು ಎಳೆದಂತಾಗಿರುತ್ತವೆ. ಬಚ್ಚಲಲ್ಲಿ ಜಾರಿ ಸ್ವಲ್ಪ ತಲೆ ತಾಗಿದರೂ ಅವು ಹರಿಯಬಹುದು. ತಲೆನೋವು, ಮಂಪರು ಕಾಣಿಸಿಕೊಳ್ಳುವುದು ಕೆಲವೊಮ್ಮೆ ವಾರಗಳ ನಂತರ. ಅಜ್ಜ ಬಿದ್ದಿದ್ದನ್ನು ಮನೆಯವರು ಅಷ್ಟರಲ್ಲಿ ಮರೆತಿರುತ್ತಾರೆ.

ನನ್ನ ವಯಸ್ಸಿನವರು ಕೇಳುವ ಪ್ರಶ್ನೆ ಬೇರೆ: "ಇಷ್ಟ ವರ್ಷ ಕುಡದಾಗೇದ, ಈಗ ಬಿಟ್ಟರ ಏನ ಉಪಯೋಗ?" ಉಪಯೋಗ ಇದೆ. ಬಿಟ್ಟ ಮೇಲೆ ಕುಗ್ಗಿದ ಮೆದುಳು ತಿಂಗಳುಗಳಲ್ಲಿ ಸ್ವಲ್ಪಮಟ್ಟಿಗೆ ಚೇತರಿಸಿಕೊಳ್ಳುವುದು ಸ್ಕ್ಯಾನಿನಲ್ಲೇ ಕಂಡಿದೆ. ಡಿಮೆನ್ಷಿಯಾ ತಡೆಯಲು ನಾವು ಬದಲಿಸಬಹುದಾದ 14 ಕಾರಣಗಳ ಪಟ್ಟಿಯನ್ನು ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಕೊಟ್ಟಿತು. ವಿಪರೀತ ಕುಡಿತ ಅದರಲ್ಲಿದೆ. ಆದರೆ ದಿನವೂ ಹೆಚ್ಚು ಕುಡಿಯುವವರು ಹಟಕ್ಕೆ ಬಿದ್ದು ಒಂದೇ ಸಲ ನಿಲ್ಲಿಸಬಾರದು. ಕೈ ನಡುಕ, ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಕುತ್ತಾಗಬಹುದು. ವೈದ್ಯರ ಕೈಯಲ್ಲೇ ಬಿಡಬೇಕು. ನಮ್ಮ ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. 'ಹುಚ್ಚರ ದವಾಖಾನಿ' ಎಂದು ಹೆದರಿ ದೂರ ನಿಲ್ಲುವ ಕಾಲ ಹೋಗಬೇಕಿತ್ತು, ಇನ್ನೂ ಪೂರ್ತಿ ಹೋಗಿಲ್ಲ. ಅಲ್ಲಿಗೆ ಹೋಗಲು ಮುಜುಗರವಾದರೆ 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್, ಶುಲ್ಕವಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಅಣ್ಣ ಕುಡಿತ ಬಿಟ್ಟು ಎರಡು ವರ್ಷವಾಯಿತು. ನೆನಪು ಅಲ್ಪಸ್ವಲ್ಪ ಮರಳಿದೆ, ಪೂರ್ತಿ ಇಲ್ಲ. ಮೊಮ್ಮಗಳು ಅವನ ಕೋಣೆಯಲ್ಲಿ ಒಂದು ಕರಿಹಲಗೆ ತೂಗುಹಾಕಿದ್ದಾಳೆ. ಇವತ್ತಿನ ವಾರ, ತಾರೀಖು, ಏನು ಊಟ, ಯಾರು ಬಂದಿದ್ದರು, ಎಲ್ಲ ಅವಳದೇ ಅಕ್ಷರ. ಹೋದ ಭಾನುವಾರ ನಾನು ಚಿಗರಿ ಬಸ್ಸು ಹಿಡಿದು ಹೋದಾಗ ಇಬ್ಬರೂ ಚೆಸ್ ಆಡುತ್ತಿದ್ದರು. ಅವಳ ರಾಣಿಯನ್ನು ಹೊಡೆದು ಅಣ್ಣ ನಗುತ್ತಿದ್ದ. ನನ್ನನ್ನು ನೋಡಿ, "ಯಾವಾಗ ಬಂದಿ?" ಎಂದ. "ಈಗ ಬಂದೆ ಅಣ್ಣಾ" ಎಂದೆ. ಚಹಾ ಕುಡಿದು ಕಪ್ಪು ಕೆಳಗಿಡುವಷ್ಟರಲ್ಲಿ ಮತ್ತೆ, "ಯಾವಾಗ ಬಂದಿ?" ಎಂದ.

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಎದ್ದು ಹಲಗೆಯ ಮೇಲೆ ಬರೆದಳು: 'ಸಣ್ಣಜ್ಜ, 11 ಗಂಟೆ, ಪೇಢೆ ತಂದಾನ.' ಅಣ್ಣ ಓದಿ, "ಪೇಢೆ ಎಲ್ಲಿ?" ಎಂದು ಕೈ ಚಾಚಿದ.