ಬ್ರೇಕ್ ಪೈಪು, ಪೆಟ್ರೋಲ್ ಪೈಪು: ಲಗೇಜ್ ಆಟೊದಿಂದ ವಿಮಾನದವರೆಗೆ

ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಅಕೌಂಟೆನ್ಸಿ ಓದುವವನಿಗೆ ಬ್ರೇಕ್ ಪೈಪಿನ ವಿಷಯ ಯಾಕೆ ಎಂದು ನೀವು ಕೇಳಬಹುದು. ಕಾರಣ, ಕಳೆದ ರಜೆಯಲ್ಲಿ ನಾನು ಮಾಡಿದ ಒಂದು ತಪ್ಪು.

ನಮ್ಮ ಮನೆ ಚಾಮರಾಜಪೇಟೆಯಲ್ಲಿದೆ. ಅಬ್ಬಾ ಲಗೇಜ್ ಆಟೊ ಓಡಿಸುತ್ತಾರೆ. ಮಾಮು ಜೆ.ಸಿ. ರಸ್ತೆಯಲ್ಲಿ ಬಿಡಿಭಾಗಗಳ ಸಣ್ಣ ಅಂಗಡಿ ಇಟ್ಟಿದ್ದಾರೆ. ರಜೆಯಲ್ಲಿ ನಾನು ಅಲ್ಲಿ ಕುಳಿತು ಬಿಲ್ಲು ಬರೆಯುತ್ತೇನೆ. ಒಂದು ದಿನ ಆಟೊದ ಬ್ರೇಕ್ ಆಯಿಲ್ ಕಡಿಮೆಯಾಗಿತ್ತು. ಅಂಗಡಿಯಲ್ಲಿ ಅರ್ಧ ಬಾಟಲಿ ಕೆಂಪು ಸ್ಟೀರಿಂಗ್ ಆಯಿಲ್ ಉಳಿದಿತ್ತು. ಎರಡೂ ಎಣ್ಣೆಯೇ ತಾನೇ, ಹೊಸ ಬಾಟಲಿಯ ದುಡ್ಡು ಉಳಿಯಿತು ಎಂದುಕೊಂಡು ಅದನ್ನೇ ಸುರಿದೆ. ಯಾರಿಗೂ ಹೇಳಲಿಲ್ಲ.

ಮೂರು ದಿನದ ನಂತರ ಅಬ್ಬಾ ಚಿಕ್ಕಪೇಟೆಯಿಂದ ಬಟ್ಟೆ ಮೂಟೆ ತುಂಬಿಕೊಂಡು ಬಸವನಗುಡಿಗೆ ಹೊರಟಿದ್ದರು. ಬುಲ್ ಟೆಂಪಲ್ ರಸ್ತೆಯಲ್ಲಿ ಒತ್ತಿದ ಬ್ರೇಕು ಬಿಡಲೇ ಇಲ್ಲ. ಚಕ್ರ ಹಿಡಿದುಕೊಂಡು ಗಾಡಿ ನಡುರಸ್ತೆಯಲ್ಲೇ ನಿಂತಿತು. ಹಿಂದಿದ್ದ ಬಸ್ಸು ಪಕ್ಕಕ್ಕೆ ಎಳೆದುಕೊಂಡಿದ್ದರಿಂದ ಏನೂ ಆಗಲಿಲ್ಲ. ಮಾಮು ಬಂದು ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿದರು. "ಕ್ಯಾ ಡಾಲ್ಯಾ ರೇ ಇಸ್ಮೆ?" ಎಂದು ಕೇಳಿದರು. ಆಗ ಒಪ್ಪಿಕೊಂಡೆ.

ಆದದ್ದು ಏನು? ನಮ್ಮ ರಸ್ತೆಯ ವಾಹನಗಳಲ್ಲಿ ಹಾಕುವ ಡಾಟ್ 3, ಡಾಟ್ 4 ಎಂಬ ಬ್ರೇಕ್ ಆಯಿಲ್ ನಿಜವಾಗಿ ಎಣ್ಣೆಯೇ ಅಲ್ಲ. ಅದು ಗ್ಲೈಕಾಲ್ ಎಂಬ ರಾಸಾಯನಿಕದಿಂದ ಮಾಡಿದ ದ್ರವ. ಅದಕ್ಕೆ ಹೊಂದುವಂತೆ ಒಳಗಿನ ರಬ್ಬರ್ ಕಪ್ಪುಗಳನ್ನು ಇಪಿಡಿಎಂ ಎಂಬ ಜಾತಿಯ ರಬ್ಬರಿನಲ್ಲಿ ಮಾಡುತ್ತಾರೆ. ಸ್ಟೀರಿಂಗ್ ಆಯಿಲ್ ಖನಿಜ ತೈಲ. ಅದು ತಗುಲಿದರೆ ಈ ರಬ್ಬರು ನೆನೆಸಿದ ಕಡಲೆಯಂತೆ ಉಬ್ಬುತ್ತದೆ. ಉಬ್ಬಿದ ಕಪ್ಪು ದ್ರವ ಹಿಂದಿರುಗುವ ಸಣ್ಣ ರಂಧ್ರವನ್ನು ಮುಚ್ಚುತ್ತದೆ. ಒತ್ತಡ ಇಳಿಯುವುದಿಲ್ಲ, ಬ್ರೇಕು ಬಿಡುವುದಿಲ್ಲ.

ಇದಾದ ಕೆಲವು ದಿನಗಳಲ್ಲಿ ಗೆಳೆಯರ ಜೊತೆ ಹಳೆ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. ಎಲ್ಲರೂ ರೆಕ್ಕೆಯ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದರೆ ನಾನು ಬಗ್ಗಿ ಚಕ್ರದ ಹತ್ತಿರದ ಪೈಪು ನೋಡುತ್ತಿದ್ದೆ. ವಿಮಾನಕ್ಕೂ ಬ್ರೇಕು ಇದೆ, ಅದಕ್ಕೂ ಪೈಪು ಇದೆ! ಅಂದಿನಿಂದ ಓದಿ, ಮಾಮುವನ್ನು ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಿಡಿಭಾಗ ಅಥವಾ ನಕ್ಷೆ ತರಿಸಿಕೊಂಡು ತಾವೇ ಜೋಡಿಸುವ ಸಣ್ಣ ವಿಮಾನಗಳಿವೆ. ಅಮೆರಿಕದ ಬರ್ಟ್ ರುಟಾನ್ ವಿನ್ಯಾಸ ಮಾಡಿದ ಲಾಂಗ್-ಈಝಡ್ ಅಂಥದ್ದು. ಎರಡು ಸೀಟು, ಫೈಬರ್‌ಗ್ಲಾಸ್ ಮೈ, ಪುಟ್ಟ ರೆಕ್ಕೆ ಮುಂದೆ, ಎಂಜಿನ್ ಹಿಂದೆ. ನಮ್ಮ ಬೆಂಗಳೂರಿನ ಎನ್‌ಎಎಲ್ ಸಂಸ್ಥೆ 1980ರ ದಶಕದಲ್ಲಿ ಇದೇ ವಿನ್ಯಾಸವನ್ನು ಆಧರಿಸಿ ಒಂದು ಸಣ್ಣ ಸಂಶೋಧನಾ ವಿಮಾನ ಕಟ್ಟಿತು. ಅದೇ ಸಂಸ್ಥೆಯ ಎರಡು ಸೀಟಿನ 'ಹಂಸ' ವಿಮಾನ 1993ರಲ್ಲಿ ಮೊದಲು ಹಾರಿತು. ಇಂಥ ವಿಮಾನ ಕಟ್ಟುವವರು ಪೈಪು ಆರಿಸುವಾಗ ನಾಲ್ಕು ಪ್ರಶ್ನೆ ಕೇಳಬೇಕು.

ಒಂದು, ಒಳಗೆ ಹರಿಯುವುದು ಏನು?

ಸಣ್ಣ ವಿಮಾನಗಳ ಬ್ರೇಕಿನಲ್ಲಿ ಸಾಮಾನ್ಯವಾಗಿ 5606 ಎಂಬ ಕೆಂಪು ಖನಿಜ ತೈಲ ಇರುತ್ತದೆ. ಅಲ್ಲಿನ ರಬ್ಬರು ನೈಟ್ರೈಲ್. ಅಂದರೆ ನಮ್ಮ ಆಟೊಗೆ ಪೂರ್ತಿ ಉಲ್ಟಾ. ಅಲ್ಲಿ ಡಾಟ್ 4 ಸುರಿದರೆ ಅಲ್ಲಿನ ರಬ್ಬರು ಹಾಳು. ಪೆಟ್ರೋಲಿಗೂ ಇದೇ ಮಾತು. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿತು. ಎಥನಾಲ್ ಕೆಲವು ಹಳೆಯ ರಬ್ಬರ್ ಪೈಪುಗಳನ್ನು ಉಬ್ಬಿಸುತ್ತದೆ, ಒಣಗಿದ ಮೇಲೆ ಬಿರುಕು ಬಿಡಿಸುತ್ತದೆ. ಹಾಗಾಗಿ ಪೈಪು ಕೊಳ್ಳುವ ಮೊದಲು ಅದು ಯಾವ ಇಂಧನಕ್ಕೆ ಮಾಡಿದ್ದು ಎಂದು ಮೈಮೇಲಿನ ಅಚ್ಚು ಓದಬೇಕು.

ಎರಡು, ಒತ್ತಡ ಎಷ್ಟು?

ಕಾರ್ಬುರೇಟರ್‌ಗೆ ಹೋಗುವ ಪೆಟ್ರೋಲಿನ ಒತ್ತಡ ಬಹಳ ಕಡಿಮೆ, ಸೈಕಲ್ ಟ್ಯೂಬಿನಲ್ಲಿರುವಷ್ಟೂ ಇಲ್ಲ. ಬ್ರೇಕ್ ಪೈಪಿನಲ್ಲಿ ಪೆಡಲ್ ಜೋರಾಗಿ ತುಳಿದಾಗ ಅದರ ಎಷ್ಟೋ ಪಟ್ಟು ಒತ್ತಡ ಏರುತ್ತದೆ. ಪೈಪು ಒಡೆಯದಿದ್ದರೆ ಸಾಲದು, ಬಲೂನಿನಂತೆ ಹಿಗ್ಗಲೂಬಾರದು. ಹಿಗ್ಗಿದರೆ ಕಾಲಿನ ಬಲ ಚಕ್ರಕ್ಕೆ ತಲುಪದೆ ಪೈಪಿನಲ್ಲೇ ಕಳೆದುಹೋಗುತ್ತದೆ. ಪೆಟ್ರೋಲ್ ಪೈಪನ್ನು ಬ್ರೇಕಿಗೆ ಬಳಸಬಾರದು ಎನ್ನುವುದು ಇದಕ್ಕೇ.

ಮೂರು, ಎಲ್ಲಿ ಹಾದು ಹೋಗುತ್ತದೆ?

ಲಾಂಗ್-ಈಝಡ್ ಮಾದರಿಯಲ್ಲಿ ಬ್ರೇಕಿಗೆ ನೈಲಾನ್ ಕೊಳವೆ ಹಾಕುತ್ತಿದ್ದರು. ಹಗುರ, ಅಗ್ಗ, ಬಾಗಿಸುವುದು ಸುಲಭ. ಆದರೆ ಬ್ರೇಕ್ ಹಾಕಿದಾಗ ಡಿಸ್ಕ್ ಕಾಯುತ್ತದೆ, ಬಿಸಿಗೆ ನೈಲಾನ್ ಮೆತ್ತಗಾಗುತ್ತದೆ. ಆದ್ದರಿಂದ ಕಟ್ಟುವವರು ಚಕ್ರದ ಹತ್ತಿರದ ಕೊನೆಯ ಭಾಗವನ್ನು ಲೋಹದ ಪೈಪಿಗೆ ಬದಲಾಯಿಸತೊಡಗಿದರು.

ಪೆಟ್ರೋಲಿಗೆ ವಿಮಾನದ ಮೈಯೊಳಗೆ 5052 ಎಂಬ ಮೆದು ಅಲ್ಯೂಮಿನಿಯಂ ಪೈಪು ಹಾಕುವುದು ರೂಢಿ. ಎಂಜಿನ್ ನಡುಗುತ್ತದೆ, ವಿಮಾನದ ಮೈ ಅಷ್ಟು ನಡುಗುವುದಿಲ್ಲ. ಎರಡರ ನಡುವೆ ಗಟ್ಟಿ ಪೈಪು ಹಾಕಿದರೆ ಕೆಲವು ದಿನಗಳಲ್ಲಿ ಸೀಳುತ್ತದೆ. ಅಲ್ಲಿ ಬಾಗುವ ಹೋಸ್ ಬೇಕು. ಒಳಗೆ ಟೆಫ್ಲಾನ್ (ಅಮ್ಮಿಯ ನಾನ್‌ಸ್ಟಿಕ್ ತವಾದ ಮೇಲಿರುವುದೂ ಅದೇ), ಹೊರಗೆ ಉಕ್ಕಿನ ತಂತಿಯ ಹೆಣಿಗೆ, ಅದರ ಮೇಲೆ ಬೆಂಕಿ ತಡೆಯುವ ಕವಚ. ಸೈಲೆನ್ಸರ್ ಹತ್ತಿರ ಪೈಪು ಎಳೆಯಬಾರದು. ಬಿಸಿಗೆ ಪೆಟ್ರೋಲು ಒಳಗೇ ಆವಿಯಾದರೆ ಎಂಜಿನ್ನಿಗೆ ಸಾಕಷ್ಟು ಪೆಟ್ರೋಲು ಸಿಗುವುದಿಲ್ಲ. ಆಟೊ ಆದರೆ ತಳ್ಳಬಹುದು. ಆಕಾಶದಲ್ಲಿ ತಳ್ಳುವವರು ಯಾರು?

ಅಂಗಡಿಗೆ ಬರುವ ಕೆಲವರು ತಾಮ್ರದ ಪೈಪು ಕೇಳುತ್ತಾರೆ, ಕೈಯಲ್ಲೇ ಬಾಗುತ್ತದೆ ಎಂದು. ಬ್ರೇಕಿಗೆ ಕೇಳಿದರೆ ಮಾಮು ಕೊಡುವುದಿಲ್ಲ. ತಾಮ್ರ ನಡುಗಿ ನಡುಗಿ ಗಡುಸಾಗುತ್ತದೆ, ಆಮೇಲೆ ಒಂದು ದಿನ ಬಿರುಕು ಬಿಡುತ್ತದೆ.

ನಾಲ್ಕು, ತುದಿ ಹೇಗೆ ಕೂಡುತ್ತದೆ?

ಪೈಪಿನ ತುದಿಯನ್ನು ತುತ್ತೂರಿಯ ಬಾಯಿಯಂತೆ ಅಗಲ ಮಾಡುವುದಕ್ಕೆ ಫ್ಲೇರ್ ಎನ್ನುತ್ತಾರೆ. ಕಾರುಗಳಲ್ಲಿ ಸಾಮಾನ್ಯವಾಗಿ ಇದರ ಕೋನ 45 ಡಿಗ್ರಿ, ವಿಮಾನದಲ್ಲಿ 37 ಡಿಗ್ರಿ. ಕೆಲವು ಅಳತೆಗಳಲ್ಲಿ ನಟ್ಟಿನ ಥ್ರೆಡ್ ಒಂದೇ ಇರುವುದರಿಂದ ಒಂದಕ್ಕೊಂದು ಹತ್ತಿಬಿಡುತ್ತದೆ, ಕಣ್ಣಿಗೆ ಸರಿಯಾಗೇ ಕಾಣುತ್ತದೆ. ಆದರೆ ಬಾಯಿ ಪೂರ್ತಿ ಕೂಡದೆ ಸೋರುತ್ತದೆ. ಇನ್ನೂ ಬಿಗಿ ಮಾಡಿದರೆ ತುದಿ ಸೀಳುತ್ತದೆ.

ಕೊನೆಗೆ ನಮ್ಮ ವಾಣಿಜ್ಯದ ಮಾತು. ನಾನು ಉಳಿಸಿದ್ದು ಒಂದು ಬಾಟಲಿ ಬ್ರೇಕ್ ಆಯಿಲ್, ಸುಮಾರು 150 ರೂಪಾಯಿ. ಎಲ್ಲ ಕಪ್ಪು, ಹೋಸ್ ಬದಲಾಯಿಸಿ, ಪೈಪು ತೊಳೆದು, ಹೊಸ ದ್ರವ ತುಂಬಲು 3,400 ರೂಪಾಯಿ ಆಯಿತು. ಎರಡು ದಿನದ ಬಾಡಿಗೆ ಹೋಯಿತು. ಇದನ್ನೆಲ್ಲ ನಾನೇ ಪುಸ್ತಕದಲ್ಲಿ ಬರೆದೆ. ಅಬ್ಬಾಗೆ ಏನಾದರೂ ಆಗಿದ್ದರೆ ಅದನ್ನು ಯಾವ ಖಾತೆಗೆ ಬರೆಯುತ್ತಿದ್ದೆ ಎಂದು ಆಗಾಗ ಯೋಚನೆ ಬರುತ್ತದೆ.

ಅಬ್ಬಾ ಬೈಯಲಿಲ್ಲ. "ಸುರಿದದ್ದು ತಪ್ಪಲ್ಲ ಬೇಟಾ, ಗೊತ್ತಿರಲಿಲ್ಲ. ಸುರಿದು ಹೇಳದೇ ಇದ್ದದ್ದು ತಪ್ಪು" ಎಂದರು ಅಷ್ಟೆ.

ಓದುಗರಲ್ಲಿ ಒಂದು ವಿನಂತಿ. ಇವತ್ತು ಮನೆಗೆ ಹೋದಾಗ ಸ್ಕೂಟರಿನ ಪೆಟ್ರೋಲ್ ಪೈಪನ್ನು ಒಮ್ಮೆ ಬೆರಳಿನಲ್ಲಿ ಬಾಗಿಸಿ ನೋಡಿ. ಗಟ್ಟಿಯಾಗಿದ್ದರೆ, ಬಿರುಕು ಕಂಡರೆ ಬದಲಾಯಿಸಿ. ಬ್ರೇಕ್ ಆಯಿಲ್ ಡಬ್ಬಿ ಇರುವ ಗಾಡಿಯಾದರೆ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ. ಅಲ್ಲಿ ಬರೆದದ್ದನ್ನೇ ಹಾಕಿ. ಬೇರೆ ಏನಾದರೂ ಹಾಕಿಬಿಟ್ಟಿದ್ದರೆ ಗಾಡಿ ಹೊರಡುವ ಮೊದಲೇ ಮನೆಯಲ್ಲಿ ಹೇಳಿಬಿಡಿ.