ಬಾಯಿಹುಣ್ಣಿಗೆ ಗಿಡಮೂಲದ ಅಂಟುಪೊರೆ

ಕ್ಯಾನ್ಸರ್‌ಗೆ ಕಿಮೋ ಅಥವಾ ತಲೆ-ಕುತ್ತಿಗೆ ಭಾಗಕ್ಕೆ ವಿಕಿರಣ ಚಿಕಿತ್ಸೆ ಪಡೆಯುವ ಅನೇಕರಿಗೆ ಬಾಯಿಯಲ್ಲಿ ಹುಣ್ಣಾಗುತ್ತದೆ. ವೇಗವಾಗಿ ಬೆಳೆಯುವ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಚಿಕಿತ್ಸೆಯು, ಹಾಗೆಯೇ ಬೇಗ ಬೆಳೆಯುವ ಬಾಯಿಯ ಒಳಪದರವನ್ನೂ ಸವೆಸುತ್ತದೆ. ಇದು ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ. ಆದರೆ ನೋವಿನಿಂದ ಊಟ ಬಿಟ್ಟರೆ, ಕೊಡಗಿನಿಂದ ಮೈಸೂರು, ಬೆಂಗಳೂರಿಗೆ ಅಲೆದು ಪಡೆಯುತ್ತಿರುವ ಚಿಕಿತ್ಸೆಯೇ ನಡುವೆ ನಿಲ್ಲಬಹುದು.

ಹುಣ್ಣಿಗೆ ಹಚ್ಚಿದ ಔಷಧ ಜೊಲ್ಲಿನಲ್ಲಿ ಬೇಗ ತೊಳೆದುಹೋಗುತ್ತದೆ. ಅದಕ್ಕೇ ಅಂಟುಪೊರೆ. ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆಯ ಪೆಕ್ಟಿನ್, ಗಿಡದ ನಾರಿನ ಸೆಲ್ಯುಲೋಸ್ ಮುಂತಾದವುಗಳಿಂದ ಮಾಡಿದ ತೆಳು ಹಾಳೆಯು ಒದ್ದೆ ಜಾಗಕ್ಕೆ ಅಂಟಿ, ಹುಣ್ಣನ್ನು ಮುಚ್ಚಿ, ಔಷಧವನ್ನು ನಿಧಾನವಾಗಿ ಬಿಡುತ್ತದೆ. ಅರಿಶಿನದ ಸತ್ವ ಸೇರಿಸಿದ ಪೊರೆಗಳು ಇನ್ನೂ ಸಂಶೋಧನೆಯಲ್ಲಿವೆ. ಹಾಗೆಂದು ಮನೆಯ ಅರಿಶಿನ ಪುಡಿಯನ್ನು ಹುಣ್ಣಿಗೆ ಮೆತ್ತಬೇಡಿ. ಯಾವ ಪೊರೆಯನ್ನಾದರೂ ವೈದ್ಯರನ್ನು ಕೇಳಿಯೇ ಬಳಸಿ.

ಒಂದು ಲೀಟರ್ ಕಾದಾರಿದ ನೀರಿಗೆ ಒಂದೊಂದು ಟೀ ಚಮಚ ಉಪ್ಪು, ಅಡುಗೆ ಸೋಡ ಬೆರೆಸಿ, ದಿನಕ್ಕೆ ನಾಲ್ಕೈದು ಬಾರಿ ಬಾಯಿ ಮುಕ್ಕಳಿಸಿ ಉಗುಳಿ. ಕಾಚಂಪುಳಿ, ಕರಿಮೆಣಸು ಸದ್ಯಕ್ಕೆ ಬೇಡ. ಎಲೆ-ಅಡಿಕೆ, ತಂಬಾಕು ಎಂದಿಗೂ ಬೇಡ. ಆರಿದ ಗಂಜಿ, ಮೆತ್ತಗಿನ ಅನ್ನ ಕೊಡಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗುವವರೆಗೆ ಕಾಯದೆ ರೋಗಿಯನ್ನು ಆಸ್ಪತ್ರೆಗೆ ಕರೆತನ್ನಿ.