ನಿಮಗಿದು ಗೊತ್ತೇ? ಹುಬ್ಬಳ್ಳಿಗೆ ಹೊರಡುವ ಮುನ್ನ ಒಂದು ಸೂಜಿ

ಏಳು ತಿಂಗಳಿಗೇ ಹುಟ್ಟಿದ ಮಗುವಿಗೆ ಮೊದಲ ಕಂಟಕ ಉಸಿರಾಟದ್ದು. ಶ್ವಾಸಕೋಶದ ಗಾಳಿಚೀಲಗಳು ಮುದುಡಿಕೊಳ್ಳದಂತೆ ಕಾಯುವ ಸರ್ಫ್ಯಾಕ್ಟಂಟ್ ಆ ಹೊತ್ತಿಗೆ ಸಾಕಷ್ಟು ತಯಾರಾಗಿರುವುದಿಲ್ಲ. ಹೆರಿಗೆಗೆ ಮುನ್ನ ತಾಯಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಆ ಕೆಲಸವನ್ನು ಚುರುಕುಗೊಳಿಸುತ್ತದೆ.

ದಾರಿ ತೋರಿಸಿದ್ದು ಒಂದು ಕುರಿಮರಿ! ನ್ಯೂಜಿಲೆಂಡಿನ ಗ್ರಹಾಂ ಲಿಗಿನ್ಸ್ ಕುರಿಗಳ ಹೆರಿಗೆಯನ್ನು ಅಭ್ಯಸಿಸುತ್ತಿದ್ದಾಗ, ಸ್ಟೀರಾಯ್ಡ್ ಪಡೆದ ಮರಿಯೊಂದು ಬದುಕಲಾರದಷ್ಟು ಬೇಗ ಹುಟ್ಟಿಯೂ ಉಸಿರಾಡುತ್ತಿತ್ತು. ಮಕ್ಕಳ ವೈದ್ಯ ರಾಸ್ ಹೋವಿ ಜತೆಗೂಡಿ 282 ತಾಯಂದಿರಲ್ಲಿ ನಡೆಸಿದ ಪ್ರಯೋಗದ ಫಲ 1972ರಲ್ಲಿ ಪ್ರಕಟವಾಯಿತು.

ನಮ್ಮಲ್ಲಿ ಕೊಡುವುದು ಡೆಕ್ಸಾಮೆಥಾಸೋನ್: 6 ಮಿ.ಗ್ರಾಂ., 12 ಗಂಟೆಗೊಮ್ಮೆ, ನಾಲ್ಕು ಸಲ. ಬೆಲೆ ಅಗ್ಗ. ಮೈಕಟ್ಟು ಬೆಳೆಸಲು ಬಳಸುವ ಸ್ಟೀರಾಯ್ಡೇ ಬೇರೆ, ಹೆಸರು ಕೇಳಿ ಹೆದರಬೇಕಿಲ್ಲ. ಸಕ್ಕರೆ ಕಾಯಿಲೆಯಿದ್ದರೆ ಮಾತ್ರ ಮೊದಲೇ ಹೇಳಿ, ಸಕ್ಕರೆ ಏರುತ್ತದೆ.

ಪೂರ್ಣ ಫಲ ಸಿಗಲು ಮೊದಲ ಸೂಜಿಯಿಂದ ಸುಮಾರು ಒಂದು ದಿನ ಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಇದು ದೊಡ್ಡ ಮಾತು. ದೊಡ್ಡ ಆಸ್ಪತ್ರೆಗಳಿರುವ ಹುಬ್ಬಳ್ಳಿ ಶಿರಸಿಯಿಂದ ಸುಮಾರು 100 ಕಿ.ಮೀ. ಕರಾವಳಿಯ ಕಡೆ ಹೋದರೆ ದೇವಿಮನೆಯೋ ಅರಬೈಲೋ ಘಟ್ಟ ಇಳಿಯಬೇಕು. ಮಳೆಗಾಲದಲ್ಲಿ ತೋಟದ ನಡುವಿನ ಒಂಟಿಮನೆಯಿಂದ ಡಾಂಬರು ರಸ್ತೆ ಮುಟ್ಟುವುದಕ್ಕೇ ಎಷ್ಟು ಹೊತ್ತು! ಅವಧಿಗೆ ಮುನ್ನ ನೋವು ಕಾಣಿಸಿದವರಿಗೆ (24ರಿಂದ 34 ವಾರ) ಕಿರಿಯ ಆರೋಗ್ಯ ಸಹಾಯಕಿಯೇ ಮೊದಲ ಡೋಸ್ ಕೊಟ್ಟು ಮುಂದೆ ಕಳಿಸಬಹುದೆಂದು ಕೇಂದ್ರ ಸರ್ಕಾರದ 2014ರ ಮಾರ್ಗಸೂಚಿ ಹೇಳಿದ್ದು ಇಂಥ ಊರುಗಳಿಗಾಗಿಯೇ ಎನ್ನಿಸುತ್ತದೆ.

ಹಾಗೆಂದು ಕಂಡಕಂಡವರಿಗೆಲ್ಲ ಕೊಡುವಂತಿಲ್ಲ. ಇದಕ್ಕೆ ಸಾಕ್ಷಿ ನೆರೆಯ ಬೆಳಗಾವಿಯಲ್ಲೇ ಇದೆ. ಅಲ್ಲಿನ ಜೆ.ಎನ್. ವೈದ್ಯಕೀಯ ಕಾಲೇಜು ಪಾಲ್ಗೊಂಡ ಆರು ದೇಶಗಳ ಅಧ್ಯಯನದಲ್ಲಿ (2015) ಹಳ್ಳಿಗಳಿಗೂ ಈ ಸೂಜಿಯನ್ನು ವ್ಯಾಪಕವಾಗಿ ತಲುಪಿಸಿದಾಗ, ದಿನ ತುಂಬಿದವರಿಗೂ ಅದು ಹೋಯಿತು. ಸಣ್ಣ ಶಿಶುಗಳ ಸಾವು ಇಳಿಯಲಿಲ್ಲ, ತಾಯಂದಿರಲ್ಲಿ ಸೋಂಕಿನ ಶಂಕೆ ಹೆಚ್ಚಿತು. ಬೆಳಗಾವಿಯೂ ಸೇರಿದ್ದ ವಿಶ್ವ ಆರೋಗ್ಯ ಸಂಸ್ಥೆಯ 2020ರ ಅಧ್ಯಯನದಲ್ಲಿ, ಸ್ಕ್ಯಾನಿಂಗ್‌ನಿಂದ ವಾರ ಖಚಿತಪಡಿಸಿಕೊಂಡು ಸುಸಜ್ಜಿತ ಆಸ್ಪತ್ರೆಗಳಲ್ಲಿ ಅದೇ ಔಷಧ ಕೊಟ್ಟಾಗ, ಪ್ರತಿ 25 ತಾಯಂದಿರಿಗೆ ಒಂದು ಶಿಶು ಹೆಚ್ಚು ಉಳಿಯಿತು.

ಆದ್ದರಿಂದ ಮೊದಲ ಮೂರು ತಿಂಗಳಲ್ಲೇ ಸ್ಕ್ಯಾನ್ ಮಾಡಿಸಿ, ವರದಿಯನ್ನು ತಾಯಿ ಕಾರ್ಡಿನೊಳಗೇ ಇಡಿ. ದಿನ ತುಂಬುವ ಮೊದಲೇ ನೋವು ಬಂದರೆ, ನೀರು ಹೋದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ. ತಾಲ್ಲೂಕು ಆಸ್ಪತ್ರೆಯಿಂದ ಹೊರಡುವಾಗ ಕೇಳಿ: ‘ಡಾಕ್ಟ್ರೇ, ಮಗುವಿನ ಉಸಿರಾಟದ ಇಂಜೆಕ್ಷನ್ ಕೊಟ್ಟಾಯಿತೇ?’ ಕೊಟ್ಟ ಹೊತ್ತನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದಿನ ಡೋಸ್ ಯಾವಾಗ ಎಂಬುದು ಹುಬ್ಬಳ್ಳಿಯ ವೈದ್ಯರಿಗೆ ಅದರಿಂದಲೇ ತಿಳಿಯುತ್ತದೆ.